ಗೇರು ಪೆಟ್ಟಿಗೆಯ ಮೇಲಿನ ಮಣೆ

ನನ್ನ ಅಡುಗೆಮನೆಯಲ್ಲಿ ಒಂದು ಹಲಸಿನ ಮಣೆ ಇದೆ. ಸಾಧಾರಣ ಮಣೆಗಳಿಗೆ ಅಡಿಯಲ್ಲಿ ಎರಡು ಪಟ್ಟಿ ಕಾಲುಗಳಿರುತ್ತವೆ, ಇದಕ್ಕಿಲ್ಲ. ಇದ್ದವು, ಕಿತ್ತು ತೆಗೆದದ್ದು. ಮೊಳೆ ಹೊಡೆದಿದ್ದ ತೂತುಗಳು ಈಗಲೂ ಇವೆ, ಇರುವೆ ಸೇರಿಕೊಳ್ಳಬಾರದೆಂದು ನಾನು ಆಗಾಗ ಅವಕ್ಕೆ ಮೇಣ ತುಂಬುತ್ತೇನೆ. ಮೇಲಿನ ಮುಖ ಇಷ್ಟು ವರ್ಷ ಕೂತು, ತೊಳೆದು, ಮತ್ತೆ ಕೂತು, ಬಾಳೆಎಲೆಯ ಬೆನ್ನಿನ ಹಾಗೆ ನುಣುಪಾಗಿದೆ. ತೆಂಗಿನಕಾಯಿ ತುರಿಯುವಾಗ, ಮೀನು ಹಸನು ಮಾಡುವಾಗ, ಯಾರಾದರೂ ಬಂದು ಬೇಡದ ಮಾತು ಆಡುತ್ತಾ ಕೂತರೆ ಅವರು ಏಳುವವರೆಗೂ ನಾನು ಕೂರುವುದು ಅದರ ಮೇಲೆಯೇ. ಮಗುಚಿ ನೋಡಿದರೆ ಅಡಿಮುಖದ ನಡುವೆ ಒಂದು ಸಣ್ಣ ದೋಸೆಯಷ್ಟು ಅಗಲಕ್ಕೆ ಮರ ಸುಟ್ಟು ಕಪ್ಪಾಗಿದೆ. ನೋಡಿದವರೆಲ್ಲ ಯಾವ ಸೊಸೆ ಬಿಸಿ ಬಾಣಲೆ ತಂದು ಇದರ ಮೇಲಿಟ್ಟಳು ಎಂದು ಕೇಳುತ್ತಾರೆ. ಸೊಸೆಯಂದಿರ ಮೇಲೆ ಹೇಳಲು ನನಗೆ ಬೇರೆ ಬೇಕಾದಷ್ಟಿದೆ, ಇದೊಂದು ಅವರ ಕೆಲಸವಲ್ಲ. ಇದು ಒಂದು ಲಾರಿಯ ಕೆಲಸ.

ಲಾರಿ ಎಂದ ಕೂಡಲೇ ಪುಟ ಮಗುಚಬೇಡಿ. ನೀವು ಲಾರಿ ಓಡಿಸದೆ ಇರಬಹುದು. ಒಲೆಯ ಮುಂದೆ ಕೂತವರಾದರೆ ಸಾಕು, ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಭಾರ ಎಳೆಯುವ ಯಾವುದೇ ವಸ್ತುವಿಗೆ ಬಿಸಿ ಬರುವುದು ಸಹಜ, ಆ ಬಿಸಿ ಎಲ್ಲಿಂದ ಹೊರಗೆ ಹೋಗುತ್ತದೆ, ಅದು ಹೆಚ್ಚಾದದ್ದು ಯಾರಿಗೆ ಹೇಗೆ ಗೊತ್ತಾಗುತ್ತದೆ ಎನ್ನುವುದಷ್ಟೇ ವಿಷಯ.

ಕೆಲವು ತಿಂಗಳ ಹಿಂದೆ ಮೊಮ್ಮಗ ದಿನೇಶ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಅಲ್ಲಿ ಅವನು ದೊಡ್ಡ ಟ್ರೇಲರ್ ಓಡಿಸುತ್ತಾನೆ. ಗಂಜಿ ಉಣ್ಣುತ್ತಾ ತನ್ನ ಗಾಡಿಯ ಹೊಗಳಿಕೆ ಮಾಡಿದ. ಅದಕ್ಕೆ ಕ್ಲಚ್ಚೇ ಇಲ್ಲವಂತೆ; ಗೇರುಗಳು ತಾವಾಗಿಯೇ ಬದಲಾಗುತ್ತವಂತೆ; ಒಳಗೆ ಎಣ್ಣೆಯೇ ಎಲ್ಲ ಕೆಲಸ ಮಾಡುತ್ತದಂತೆ; ಆ ಎಣ್ಣೆ ಕಾದರೆ ಮಾತ್ರ ಕೆಟ್ಟಿತು, ಅದಕ್ಕಾಗಿ ಚಾಲಕನ ಮುಂದೆ ಒಂದು ಕೆಂಪು ದೀಪ ಇಟ್ಟಿದ್ದಾರಂತೆ. ಒಳ್ಳೆಯ ಏರ್ಪಾಡು ಎಂದುಕೊಂಡು ಕೇಳಿದೆ.

"ಆ ದೀಪ ಹೊತ್ತಿದ್ರೆ ನೀನು ಎಂತ ಮಾಡ್ತಿ?"

"ಅದು ಮರುಭೂಮಿ ಅಜ್ಜಿ, ಅಲ್ಲಿ ಎಲ್ಲವೂ ಬಿಸಿಯೇ. ಲೋಡು ಇದ್ದು ಏರು ಸಿಕ್ಕಿದ್ರೆ ಸಾಕು, ಹೊತ್ತಿಕೊಳ್ತದೆ. ಕಣ್ಣಿಗೆ ಚುಚ್ತದೆ ಅಂತ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದ್ದೇನೆ."

"ಎಂತ ಸ್ಟಿಕ್ಕರ್?"

"ಗಣಪತಿದು."

ನಾನು ಸೌಟು ಕೆಳಗಿಟ್ಟು, ಕೂತಿದ್ದ ಮಣೆಯಿಂದ ಎದ್ದು, ಅದನ್ನು ಮಗುಚಿ ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಆಮೇಲೆ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನನ್ನ ತವರು ಕಕ್ಕಿಂಜೆ, ಚಾರ್ಮಾಡಿ ಘಾಟಿಯ ಬುಡ. ಮದುವೆಯಾಗಿ ಬಂದದ್ದು ಬಂಟ್ವಾಳಕ್ಕೆ, ಒಂದೇ ಒಂದು ಹಳೆಯ ಲಾರಿ ಇಟ್ಟುಕೊಂಡು ತಾವೇ ಅದನ್ನು ಓಡಿಸುತ್ತಿದ್ದವರ ಮನೆಗೆ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಸಿಕ್ಕಿದ ಲಾರಿ ಅದು, ಮೈ ನಮ್ಮ ಊರಿನ ಆಚಾರಿ ಕಟ್ಟಿದ್ದು. ಬಂಟ್ವಾಳದಿಂದ ಹಂಚು, ಉಪ್ಪು ಹೊತ್ತು ಬೆಳ್ತಂಗಡಿಯ ಮೇಲಾಗಿ ಘಾಟಿ ಹತ್ತುವುದು, ಬರುವಾಗ ಮರ ತುಂಬಿಕೊಂಡು ಇಳಿಯುವುದು, ಇದೇ ದುಡಿಮೆ. ಗಾಡಿ ತವರಿನ ಬಾಗಿಲಿಗೇ ಹೋಗುವುದಾದ್ದರಿಂದ ನಾನೂ ಅನೇಕ ಸಲ ಹತ್ತಿ ಕೂರುತ್ತಿದ್ದೆ. ಹೆಂಗಸು ಲಾರಿಯ ಮುಂದೆ ಕೂತು ಹೋಗುವುದು ಆಗ ಮಾತಾಗುವ ವಿಷಯ. ಆಯಿತು, ಮಾತಾಡಿದರು, ಸುಸ್ತಾಗಿ ಬಿಟ್ಟರು.

ಆ ಲಾರಿಯ ಮುಂದಿನ ಹಲಗೆಯಲ್ಲಿ ಬಿಸಿ ತೋರಿಸುವ ಮುಳ್ಳೊಂದಿತ್ತು, ಅದು ನಾನು ಬರುವ ಮುಂಚೆಯೇ ಸತ್ತಿತ್ತು. ಚಾಲಕನ ಮತ್ತು ನನ್ನ ನಡುವೆ, ನೆಲದಿಂದ ಎಮ್ಮೆಯ ಬೆನ್ನಿನಂತೆ ಎದ್ದಿದ್ದ ತಗಡಿನ ಮುಚ್ಚಳದ ಕೆಳಗೆ ಗೇರು ಪೆಟ್ಟಿಗೆ. ಕಾಲು ಇಡಲು ಬೇರೆ ಜಾಗವಿಲ್ಲದೆ ನಾನು ಆ ತಗಡಿನ ಮೇಲೆಯೇ ಇಡುತ್ತಿದ್ದೆ. ನಮ್ಮವರದ್ದು ಟಯರಿನ ಅಟ್ಟೆಯ ಚಪ್ಪಲಿ, ಅವರ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ನನ್ನದು ಬರಿಗಾಲು, ಆ ಕಾಲದ ಎಲ್ಲ ಹೆಂಗಸರ ಕಾಲಿನಂತೆ. ಹಾಗಾಗಿ ಒಂದು ವಾಡಿಕೆ ಬಂತು. ಏರು ಹತ್ತುವಾಗ ಅವರು ರಸ್ತೆಯಿಂದ ಕಣ್ಣು ತೆಗೆಯದೆ "ಹೇಗುಂಟು?" ಎನ್ನುವುದು, ನಾನು "ಬೆಚ್ಚ" ಎನ್ನುವುದು. "ಬಿಸಿ" ಎಂದರೆ ಮುಂದಿನ ಸಮತಟ್ಟಿನಲ್ಲಿ ನಿಲ್ಲಿಸುತ್ತಿದ್ದರು. "ಸುಡ್ತದೆ" ಎಂದರೆ ಅಲ್ಲೇ. ಯಾಕೆ, ಏನು ಎಂದು ಒಮ್ಮೆಯೂ ಕೇಳಿದವರಲ್ಲ. ಬೇರೆ ಯಾವ ವಿಷಯದಲ್ಲೂ ನನ್ನ ಮಾತಿಗೆ ಆ ಮನೆಯಲ್ಲಿ ಅಷ್ಟು ಬೆಲೆ ಇದ್ದದ್ದು ನನಗೆ ನೆನಪಿಲ್ಲ.

ಲಾರಿಯ ಮಟ್ಟಿಗೆ ನಮ್ಮವರದ್ದು ಕೆಲವೇ ಕಟ್ಟುಪಾಡು. ಏರಿಗೆ ಬೇಕಾದ ಗೇರನ್ನು ಏರಿನ ಕೆಳಗೇ ಹಾಕಿಕೊಳ್ಳಬೇಕು, ನಡುವೆ ಹುಡುಕುತ್ತಾ ಕೂರಬಾರದು. ಕ್ಲಚ್ಚು ತುಳಿದರೆ ಪೂರ್ತಿ ತುಳಿಯಬೇಕು, ಬಿಟ್ಟರೆ ಪೂರ್ತಿ ಬಿಡಬೇಕು. ಅದರ ಮೇಲೆ ಕಾಲನ್ನು ಒರಗಿಸಿ ಇಟ್ಟುಕೊಳ್ಳುವವನು ಎತ್ತಿನ ಗಾಡಿಗೆ ಹೋಗಲಿ. ಕಕ್ಕಿಂಜೆಯಲ್ಲಿ ನಿಲ್ಲಿಸದೆ ಲೋಡಿನ ಲಾರಿಯನ್ನು ಘಾಟಿಗೆ ಬಿಡಬಾರದು, ಎಷ್ಟೇ ಅವಸರವಿರಲಿ. ಇನ್ನು ಕಾದ ಪೆಟ್ಟಿಗೆಗೆ ನೀರು ತೋರಿಸಲೇಬಾರದು. ಭತ್ತ ಬೇಯಿಸುವ ಹಂಡೆಯ ಮುಂದೆ ಬೆಳೆದ ನನಗೆ ಇವುಗಳಲ್ಲಿ ಹೊಸದೇನೂ ಕಾಣಲಿಲ್ಲ. ಹಂಡೆ ಉಕ್ಕಿದ ಮೇಲೆ ಬೆಂಕಿ ಎಳೆದರೆ ಒಲೆ ಒದ್ದೆ, ಭತ್ತವೂ ಹಾಳು. ಉಕ್ಕುವ ಮುಂಚೆ ಎಳೆಯಬೇಕು, ಅದಕ್ಕೆ ಹಂಡೆಯ ಸದ್ದು ಕೇಳುತ್ತಾ ಇರಬೇಕು.

ಒಂದು ಸಲ ಘಾಟಿಯಲ್ಲಿ ನಾನು ಕಾಲು ತೆಗೆಯುವುದು ಸ್ವಲ್ಪ ತಡವಾಗಿ ಪಾದದಡಿಯಲ್ಲಿ ಬೊಕ್ಕೆ ಎದ್ದಿತು. ಅದನ್ನು ಕಂಡ ನನ್ನ ಅಮ್ಮ ಅಳಿಯನನ್ನು ಜಗಲಿಯಲ್ಲಿ ನಿಲ್ಲಿಸಿ, "ನಾನು ಮಗಳನ್ನು ಕೊಟ್ಟದ್ದು ಅಡಿಗೆ ಮಾಡ್ಲಿಕ್ಕೆ. ಅವಳನ್ನೇ ಅಡಿಗೆ ಮಾಡ್ಲಿಕ್ಕೆ ಅಲ್ಲ" ಎಂದಳು. ನಮ್ಮವರು ಮರುವಾರ ಮನೆಯ ಒಂದು ಮಣೆಯ ಕಾಲುಗಳನ್ನು ಕಿತ್ತು, ಅಲುಗಾಡಿ ಸದ್ದು ಮಾಡಬಾರದೆಂದು ಅಡಿಗೆ ಗೋಣಿಯ ತುಂಡು ಹೊಲಿದು, ಆ ತಗಡಿನ ಮೇಲೆ ಕೂರಿಸಿದರು. "ಇನ್ನು ಕಾಲು ಇದ್ರ ಮೇಲೆ ಇಡು" ಎಂದರು. ಮದುವೆಯಾದ ಮೇಲೆ ಅವರು ತಾವಾಗಿ ನನಗೆ ಮಾಡಿಕೊಟ್ಟ ಮೊದಲ ವಸ್ತು ಅದು. ಕಾಲಿಗೆ ಹಿತವಾಗಿಯೇ ಇತ್ತು. ಏರಿನಲ್ಲಿ "ಹೇಗುಂಟು?" ಎಂದು ಅವರು ಕೇಳುವುದು ನಿಲ್ಲಲಿಲ್ಲ, "ಬೆಚ್ಚ" ಎಂದು ನಾನು ಹೇಳುವುದೂ ನಿಲ್ಲಲಿಲ್ಲ. ನಾನು ಹೇಳುತ್ತಿದ್ದದ್ದು ಮಣೆಯ ಸುದ್ದಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡಬಿದ್ರೆಯ ಕಡೆಯ ಒಂದು ದೇವಸ್ಥಾನಕ್ಕೆ ಹೊಸ ಕೊಡಿಮರ ಆಗಬೇಕಿತ್ತು. ಧ್ವಜ ಏರಿಸುವ ಕಂಬಕ್ಕೆ ನಮ್ಮಲ್ಲಿ ಹಾಗೆನ್ನುವುದು. ಅದಕ್ಕೆ ಗಂಟಿಲ್ಲದ, ಡೊಂಕಿಲ್ಲದ ಒಂದೇ ಮರ ಬೇಕು, ಕಡಿದ ಮೇಲೆ ಅದು ನೆಲ ಮುಟ್ಟಬಾರದು. ಕಕ್ಕಿಂಜೆಯ ಕಾಡಿನಲ್ಲಿ ಕಿರಾಲ್‌ಬೋಗಿ ಮರವೊಂದನ್ನು ಗೊತ್ತು ಮಾಡಿದ್ದು ಮರದ ವ್ಯಾಪಾರದ ಇದಿನಬ್ಬ ಬ್ಯಾರಿ. ಬ್ಯಾರಿ ಎಂದರೆ ನಮ್ಮ ಕಡೆಯ ಮುಸಲ್ಮಾನರು. ಕಡಿಸಿ, ಹಗ್ಗದಲ್ಲಿ ತೂಗಿ, ಬುಡವನ್ನು ನಮ್ಮ ಲಾರಿಯ ಮೇಲೂ ತುದಿಯನ್ನು ಹಿಂದೆ ಎಳೆಯುವ ಎರಡು ಚಕ್ರದ ಗಾಡಿಯ ಮೇಲೂ ಮಲಗಿಸಿದ್ದು ಅವರೇ. ಅಂಥ ಭಾರವನ್ನು ನಮ್ಮ ಲಾರಿ ಅದಕ್ಕಿಂತ ಮುಂಚೆ ಎಳೆದಿರಲಿಲ್ಲ. ಆದರೂ ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು ದಾಟಿ ಆ ಊರಿನ ಗಡಿಯ ಸೇತುವೆಯ ತನಕ ತೊಂದರೆಯಿಲ್ಲದೆ ತಂದರು, ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ. ನನ್ನ ಅಮ್ಮನೂ ಜೊತೆಗಿದ್ದಳು. ಆ ಊರು ಅವಳ ತವರು. ನನ್ನ ತಮ್ಮ ವಿಷಮಶೀತ ಜ್ವರದಲ್ಲಿ ಮಲಗಿದ್ದಾಗ, ಮಗ ಎದ್ದರೆ ಗಡಿಯಿಂದ ದೇವರ ಅಂಗಳದವರೆಗೆ ಕೊಡಿಮರದಿಂದ ಕೈ ಬಿಡದೆ ಬರುತ್ತೇನೆ ಎಂದು ಹರಕೆ ಹೇಳಿಕೊಂಡಿದ್ದಳು. ತಮ್ಮ ಎದ್ದಿದ್ದ.

ಸೇತುವೆಯಿಂದ ದೇವಸ್ಥಾನಕ್ಕೆ ಎರಡು ಮೈಲು, ನಡುವೆ ಒಂದು ದೊಡ್ಡ ಏರು. ಮೆರವಣಿಗೆ ಹೊರಟದ್ದು ಅಲ್ಲಿಂದ. ಊರಿಗೆ ಊರೇ ಬಂದಿತ್ತು, ಬಂದವರೆಲ್ಲ ಲಾರಿಗೆ ಮರ್ಯಾದೆ ಮಾಡುವವರೇ. ಮುಂಭಾಗಕ್ಕೆ ಬಾಳೆಗಿಡ ಎರಡು, ಅದರ ಮೇಲೆ ಅಡಿಕೆಯ ಹಿಂಗಾರ, ಅದರ ಮೇಲೆ ಮಾವಿನೆಲೆ, ಅದರ ಮೇಲೆ ಒಬ್ಬೊಬ್ಬ ಹೆಂಗಸು ತಂದ ಒಂದೊಂದು ಹೂವಿನ ಮಾಲೆ. ಕೊನೆಗೆ ಲಾರಿಗೆ ಮುಖವಿದೆಯೋ ಇಲ್ಲವೋ ಎಂದು ಹೇಳುವಂತಿರಲಿಲ್ಲ. ಗಾಳಿ ಒಳಗೆ ಹೋಗಿ ಯಂತ್ರವನ್ನು ತಣಿಸುವ ದಾರಿ ಅದೇ ಎಂದು ಯಾರು ಯಾರಿಗೆ ಹೇಳುವುದು? ನಮ್ಮವರು ಕೆಳಗಿಳಿದು ಒಂದು ಬಾಳೆಗಿಡವನ್ನು ಸ್ವಲ್ಪ ಸರಿಸಿದರು. ಒಬ್ಬಾಕೆ ಅದನ್ನು ಮೊದಲಿನ ಜಾಗಕ್ಕೆ ಎಳೆದು ಕಟ್ಟಿದಳು.

ಮುಂದೆ ಚೆಂಡೆ, ಕೊಂಬು, ಧೂಪ ಹಿಡಿದವರು. ಚೆಂಡೆಯವರನ್ನು ಹಿಂದೆ ಹಾಕಿ ಮರ ಮುಂದೆ ಹೋಗುವಂತಿಲ್ಲ. ಅವರ ನಡಿಗೆಯೋ, ಒಂದನೇ ಗೇರಿನಲ್ಲಿ ಲಾರಿ ತನ್ನಷ್ಟಕ್ಕೆ ಹೋಗುವುದಕ್ಕಿಂತಲೂ ನಿಧಾನ. ಮೇಲಾಗಿ ದಾರಿಯ ಪ್ರತಿಯೊಂದು ಮನೆಯ ತಡಮೆಯ ಮುಂದೆ ಆರತಿ, ಕಾಯಿ ಒಡೆಯುವುದು. ಲಾರಿ ನಿಲ್ಲಬೇಕು, ಮತ್ತೆ ಹೊರಡಬೇಕು, ಹತ್ತು ಮಾರು ಹೋಗಿ ಮತ್ತೆ ನಿಲ್ಲಬೇಕು. ಕ್ಲಚ್ಚಿನ ಮೇಲೆ ಕಾಲು ಒರಗಿಸುವವರನ್ನು ಎತ್ತಿನ ಗಾಡಿಗೆ ಕಳಿಸುತ್ತಿದ್ದ ಮನುಷ್ಯ ಅವತ್ತು ಆ ಕಾಲನ್ನು ಎತ್ತಲೇ ಇಲ್ಲ. ಮರದ ಇಕ್ಕೆಲದಲ್ಲಿ ಜನ ಕೈ ಇಟ್ಟು ನಡೆಯುತ್ತಿದ್ದರು, ಎಲ್ಲರಿಗಿಂತ ಹಿಂದೆ, ಮರದ ತುದಿ ಹಿಡಿದು, ಗಾಡಿಯ ಎರಡು ಚಕ್ರಗಳ ನೇರ ಹಿಂದೆ, ನನ್ನ ಅಮ್ಮ. ಅವಳ ಪಕ್ಕದಲ್ಲಿ ಇದಿನಬ್ಬ ಬ್ಯಾರಿ, ಹೆಗಲ ಮೇಲೆ ಚಕ್ರಕ್ಕೆ ಅಡ್ಡ ಇಡುವ ಮರದ ತುಂಡು ಹೊತ್ತುಕೊಂಡು.

"ಬ್ಯಾರಿಗಳೇ, ಅದನ್ನು ಹೊತ್ತದ್ದು ನಿಮ್ಮ ಹರಕೆಯಾ?" ಎಂದು ಯಾರೋ ತಮಾಷೆ ಮಾಡಿದರು.

"ಹೌದು ಮಾರಾಯ. ಲಾರಿ ಹಿಂದೆ ಬರದೆ ಇರ್ಲಿ ಅಂತ" ಎಂದರಂತೆ ಅವರು.

ಏರಿನ ಕೆಳಗೆ ಒಂದು ಸಲ ನಿಲ್ಲಿಸಿ ಬಿಸಿ ಇಳಿಸಿಕೊಳ್ಳಬೇಕಿತ್ತು. ನಮ್ಮವರು ನಿಲ್ಲಿಸಲು ನೋಡಿದರು, ಮೆರವಣಿಗೆಯ ಮುಂದಿದ್ದವರು ಕೈ ಬೀಸಿ ಕರೆದರು; ಇವರು "ಹೇಗುಂಟು?" ಎಂದು ನನ್ನನ್ನು ಕೇಳಿದರು, ಮಣೆಯ ಮೇಲೆ ಕಾಲಿಟ್ಟಿದ್ದ ನಾನು "ಬೆಚ್ಚ" ಎಂದೆ. ಹತ್ತಿಸಿದರು. ಏರಿನ ಅರ್ಧದಲ್ಲಿ ಒಂದು ಮನೆ ಇತ್ತು. ಅಲ್ಲಿ ಮತ್ತೆ ಆರತಿ. ಲಾರಿ ಕೈಬ್ರೇಕು, ಕಾಲುಬ್ರೇಕು ಎರಡರ ಮೇಲೂ ತೂಗಿಕೊಂಡು ನಿಂತಿತು. ಧೂಪದವರು ಮನೆಯ ಅಂಗಳಕ್ಕೆ ಹೋದದ್ದರಿಂದ ಹೊಗೆ ಅತ್ತ ಸರಿಯಿತು, ಆಗ ನನಗೆ ಇನ್ನೊಂದು ವಾಸನೆ ಬಂತು. ಧೂಪದ್ದಲ್ಲ. ಗೋಣಿ ಸುಡುವ ವಾಸನೆ.

ಮಣೆ ಎತ್ತಿದೆ. ಅಡಿಯ ಗೋಣಿ ಕರಿದಾಗಿ ಪುಡಿಯಾಗುತ್ತಿತ್ತು, ಮರದಿಂದ ಹೊಗೆ ಏಳುತ್ತಿತ್ತು. ತಗಡಿನ ಮೇಲೆ ಬೆರಳ ತುದಿ ಮುಟ್ಟಿಸಿ ಕಾಲು ಹಿಂದೆಳೆದೆ.

"ಸುಡ್ತದೆ" ಎಂದೆ.

ಅವರು ಮಣೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿದರು. ಅಷ್ಟರಲ್ಲಿ ಚೆಂಡೆ ಹೊರಟಿತು. ಲಾರಿ ಹೊರಡಿಸಲು ಕ್ಲಚ್ಚು ಬಿಟ್ಟರೆ ಯಂತ್ರ ಅಬ್ಬರಿಸಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಕ್ಲಚ್ಚಿನ ಪ್ಲೇಟು ಕಾದು ಜಾರುತ್ತಿತ್ತು. ಒಂದು ಗೇಣು ಹಿಂದಕ್ಕೆ ಬಂತು. ಬ್ರೇಕು ಹಿಡಿಯಿತು. ಹಿಂದೆ ಇದ್ದವರಿಗೆ ಇದರಿಂದ ಭಯವಾಗಲಿಲ್ಲ, ಉತ್ಸಾಹವಾಯಿತು; ಮರ ದೇವರ ಊರಿಗೆ ಬರಲು ಮುನಿಸು ತೋರಿಸುತ್ತಿದೆ ಎಂದುಕೊಂಡು ದೇವರ ಹೆಸರು ಕೂಗಿ, ಎಲ್ಲರೂ ಚಕ್ರದ ಹಿಂದೆ ಸೇರಿ ಮುಂದಕ್ಕೆ ದೂಡತೊಡಗಿದರು.

ನಾನು ಇಳಿದು ಓಡಿದೆ. ಹಿಂದೆ ಹೋಗಿ, "ಬ್ಯಾರಿಗಳೇ, ಅಡ್ಡ ಹಾಕಿ" ಎಂದೆ. ಅವರು ಆಗಲೇ ಬಗ್ಗಿದ್ದರು. ಒಂದು ತುಂಡು ಒಂದು ಚಕ್ರಕ್ಕೆ, ರಸ್ತೆ ಬದಿಯ ಮುರಕಲ್ಲು ಇನ್ನೊಂದಕ್ಕೆ. ಭಾರ ಅದರ ಮೇಲೆ ಕೂತಾಗ ಕಲ್ಲು ಕರಕರ ಎಂದಿತು, ಪುಡಿಯಾಗಲಿಲ್ಲ. ನಮ್ಮವರು ಯಂತ್ರ ನಿಲ್ಲಿಸಿದರು. ಆಗಲೇ ಚೆಂಡೆಯವರಿಗೂ ಹಿಂದೆ ಏನೂ ಬರುತ್ತಿಲ್ಲ ಎಂದು ಗೊತ್ತಾದದ್ದು.

ನೀವು ಒಮ್ಮೆ ಯೋಚಿಸಿ. ಅವತ್ತು ಆ ರಸ್ತೆಯಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇರಲಿಲ್ಲ. ಗೇರಿನ ಹಲ್ಲುಗಳು ನರಳುವುದನ್ನು ಚೆಂಡೆ ಮುಚ್ಚಿತ್ತು, ಸುಟ್ಟ ವಾಸನೆಯನ್ನು ಧೂಪ ಮುಚ್ಚಿತ್ತು. ಎರಡೂ ದೇವರಿಗೆ ಸಲ್ಲುವಂಥದ್ದು. ಹೂವು ಕಟ್ಟಿದ ಹೆಂಗಸರು ಬೆಳಗ್ಗೆ ಎದ್ದು ಮಿಂದು ಮಡಿಯಲ್ಲಿ ಕಟ್ಟಿದ್ದರು. ಉಳಿದದ್ದು ನನ್ನ ಕಾಲು. ಅದರ ಕೆಳಗೆ ಮಣೆ ಇಟ್ಟವರು ನನ್ನ ಗಂಡ, ಇಡಿಸಿದವಳು ನನ್ನ ಅಮ್ಮ, ಲಾರಿ ಜಾರಿದರೆ ಮೊದಲು ಅಡಿಗೆ ಬೀಳುವವಳೂ ಅವಳೇ. ಬಿಸಿಯನ್ನು ಕಡಿಮೆ ಮಾಡುವುದು ಬೇರೆ, ಬಿಸಿ ತಾಗದ ಹಾಗೆ ಮಾಡುವುದು ಬೇರೆ. ನಾವೆಲ್ಲ ಎರಡನೆಯದನ್ನು ಮಾಡಿ ಮೊದಲನೆಯದನ್ನು ಮಾಡಿದೆವು ಎಂದುಕೊಂಡಿದ್ದೆವು. ಸಂಸಾರದಲ್ಲಿಯೂ ನಾನು ಇದನ್ನು ಬೇಕಾದಷ್ಟು ಕಂಡಿದ್ದೇನೆ. ಅಣ್ಣತಮ್ಮಂದಿರ ನಡುವೆ ಹೊಗೆ ಏಳುತ್ತಿರುವ ಮನೆಯಲ್ಲಿಯೇ ಹಬ್ಬಕ್ಕೆ ಹೆಚ್ಚು ಬಗೆಯ ಪಾಯಸ.

ಇರಲಿ, ಲಾರಿ ಏರಿನಲ್ಲಿ ನಿಂತಿದೆ. ದೇವಸ್ಥಾನದ ಮೊಕ್ತೇಸರರು ಶಲ್ಯ ಸರಿಮಾಡುತ್ತಾ ಕೆಳಗೆ ಬಂದರು. ನಮ್ಮವರು ಮುಚ್ಚಳ ಬಿಚ್ಚಿ ಗೇರು ಪೆಟ್ಟಿಗೆಗೆ ಗಾಳಿ ತೋರಿಸಿದ್ದರು. ಒಳಗಿನಿಂದ ಬರುವ ಝಳ ಕಂಡು ಆ ಮನೆಯವರು ದೊಡ್ಡ ಮನಸ್ಸು ಮಾಡಿ ಕೊಡಪಾನಗಳಲ್ಲಿ ಬಾವಿಯ ನೀರು ತಂದು ಸುರಿಯಲು ಬಂದರು. ನಮ್ಮವರು ಪೆಟ್ಟಿಗೆಯ ಮುಂದೆ ಕೈಚಾಚಿ ನಿಂತುಬಿಟ್ಟರು.

"ಬೀಡಿನ ಓಡಿಗೆ ತಣ್ಣೀರು ಹಾಕಿದ್ರೆ ಎಂತ ಆಗ್ತದೆ?" ಎಂದು ನಾನು ಆ ಮನೆಯ ಹೆಂಗಸನ್ನು ಕೇಳಿದೆ. ಬೀಡಿನ ಓಡು ಎಂದರೆ ದೋಸೆ ಹೊಯ್ಯುವ ಎರಕದ ಕಾವಲಿ.

"ಒಡೀತದೆ" ಎಂದಳು.

"ಇದೂ ಅದೇ ಬೀಡು."

ಅವಳು ಕೊಡ ಕೆಳಗಿಟ್ಟು, ತನ್ನ ಹಿಂದೆ ಬಂದವರನ್ನೂ ತಡೆದಳು. ಆ ನೀರನ್ನು ಜನ ಕುಡಿದರು.

"ಎಷ್ಟು ಹೊತ್ತು ಬೇಕು?" ಎಂದರು ಮೊಕ್ತೇಸರರು. "ಮುಹೂರ್ತ ಮೀರ್ತದೆ."

"ಅದು ತಣಿಯುವಷ್ಟು ಹೊತ್ತು ಬೇಕು ಧಣಿ."

"ಹಾಗೆ ಹೇಳಿದ್ರೆ ಹೇಗೆ? ತಂತ್ರಿಗಳು ಕಾಯ್ತಾ ಇದ್ದಾರೆ."

"ಗೇರು ಪೆಟ್ಟಿಗೆ ಹೋದ್ರೆ ಮರವನ್ನು ನೆಲಕ್ಕೆ ಇಳಿಸ್ಲಿಕ್ಕಿಲ್ಲ, ಮೇಲೆ ಕೊಂಡುಹೋಗ್ಲಿಕ್ಕೂ ಇಲ್ಲ. ಆಮೇಲೆ ದೇವಸ್ಥಾನವನ್ನೇ ಇಲ್ಲಿಗೆ ತರ್ಬೇಕಷ್ಟೆ" ಎಂದರು ನಮ್ಮವರು. ಅವರು ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಮೊಕ್ತೇಸರರು ಕೆಟ್ಟ ಮನುಷ್ಯರಲ್ಲ. ಚಕ್ರದ ಕೆಳಗಿನ ಕಲ್ಲನ್ನೂ ಅದರ ಹಿಂದಿದ್ದ ಜನರನ್ನೂ ಒಮ್ಮೆ ನೋಡಿ, ಅಲ್ಲೇ ಕಟ್ಟೆಯ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದರು. ಆ ಚೀಲ ಖಾಲಿಯಾಗುವಷ್ಟು ಹೊತ್ತು ನಾವು ಕಾದೆವು. ಅಷ್ಟರಲ್ಲಿ ಬಾಳೆಗಿಡವನ್ನೂ ಹೂವನ್ನೂ ಮುಂದಿನಿಂದ ಬಿಚ್ಚಿ ಮರದ ಮೇಲೆಯೇ ಹಾಸಿದೆವು. ಮರ್ಯಾದೆ ಸಲ್ಲಬೇಕಾದದ್ದು ಅದಕ್ಕೆ ತಾನೇ. ನಮ್ಮವರು ಎಣ್ಣೆ ನೋಡಿದರು. ನೀರಿನಷ್ಟು ತೆಳ್ಳಗಾಗಿ, ಕಪ್ಪಾಗಿ, ಒಗ್ಗರಣೆ ಸೀದ ವಾಸನೆ ಬರುತ್ತಿತ್ತು. ಡಬ್ಬದಲ್ಲಿದ್ದ ಹೊಸತನ್ನು ತುಂಬಿ, ತಗಡಿನ ಮುಚ್ಚಳವನ್ನು ಮತ್ತೆ ಕೂರಿಸಿದರು.

ಆಮೇಲೆ ಹೇಗೆ ಹತ್ತಿಸುವುದು ಎಂಬ ಮಾತು ಬಂತು. ಈ ಭಾರವನ್ನು ಎಲ್ಲೂ ನಿಲ್ಲಿಸದೆ, ಕ್ಲಚ್ಚು ಮುಟ್ಟದೆ, ಒಂದೇ ಉಸಿರಿಗೆ ಮೇಲೆ ಒಯ್ಯಬೇಕು. ಮುಂದೆಯೂ ಜನ ಇರಬಾರದು, ಹಿಂದೆಯೂ ಇರಬಾರದು ಎಂದರು ನಮ್ಮವರು. ಮೊಕ್ತೇಸರರಿಗೆ ಇದು ಸರಿಬರಲಿಲ್ಲ. ವಾದ್ಯ ಇಲ್ಲದೆ ಕೊಡಿಮರ ಹೋಗಬಾರದು. ಅದಕ್ಕೆ ಇದಿನಬ್ಬ ಬ್ಯಾರಿ ಬೆವರು ಒರೆಸುತ್ತಾ, "ಧಣಿ, ಚೆಂಡೆಯವರು ಗುಡ್ಡೆಯ ಮೇಲೆ ನಿಂತು ಬಾರಿಸ್ಲಿ. ಈ ಚೆಂಡೆ ನಮ್ಮ ಮನೆಯಲ್ಲಿ ಮಲಗಿದವರಿಗೂ ಕೇಳ್ತದೆ, ಕೆಳಗಿನ ಮರಕ್ಕೆ ಕೇಳುದಿಲ್ವಾ?" ಎಂದರು. ಮೊಕ್ತೇಸರರು ಉಗಿಯಲು ಪಕ್ಕಕ್ಕೆ ತಿರುಗಿದರು, ನಕ್ಕದ್ದು ಕಾಣಬಾರದೆಂದಿರಬೇಕು. ಚೆಂಡೆಯವರು ಮೇಲೆ ಹೋದರು, ಜನವೂ ಅವರ ಹಿಂದೆಯೇ ಹೋಯಿತು.

ಅಮ್ಮ ಹೋಗಲಿಲ್ಲ. ಮರದ ತುದಿಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತಿದ್ದಳು.

"ಅಮ್ಮ, ಇತ್ಲಾಗಿ ಬಾ."

"ಕೈ ಬಿಡುದಿಲ್ಲ ಅಂತ ಹೇಳಿದ್ದೇನೆ."

"ಲಾರಿ ಹಿಂದೆ ಬಂದ್ರೆ ನಿನ್ನ ಕೈಯೂ ಇಲ್ಲ, ನೀನೂ ಇಲ್ಲ."

"ಬಂದ್ರೆ ಬರ್ಲಿ. ಹುಡುಗ ಎದ್ದಿದ್ದಾನಲ್ಲ."

"ನೀನು ಇಲ್ಲಿ ಸತ್ರೆ ಎದ್ದವನು ಮತ್ತೆ ಮಲಗ್ತಾನೆ. ಅದಕ್ಕೆ ಹರಕೆ ಹೇಳುದು ಯಾರು, ನಾನಾ? ನಾನು ಹೇಳುದಿಲ್ಲ."

ಅವಳು ಮುಖ ತಿರುಗಿಸಿದಳು. ಹರಕೆ ಹೊತ್ತವರ ಜೊತೆ ವಾದ ಮಾಡಿದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಅವರ ಮಾತನ್ನು ಅವರು ಹೇಳಿದಷ್ಟಕ್ಕೇ ನಿಲ್ಲಿಸಿ ನೋಡಬೇಕು.

"ನಡೀತೇನೆ ಅಂತ ಹೇಳಿದ್ಯಾ, ಕೈ ಬಿಡುದಿಲ್ಲ ಅಂತ ಹೇಳಿದ್ಯಾ?"

ದೇವರಿಗೆ ಹೇಳಿದ ಮಾತಿನಲ್ಲಿ ಅವಳು ಸುಳ್ಳು ಹೇಳುವವಳಲ್ಲ. "ಕೈ ಬಿಡುದಿಲ್ಲ ಅಂತ."

"ಹಾಗಾದ್ರೆ ಬಿಡಬೇಡ. ಹಿಡ್ಕೊಂಡೇ ಬಾ."

ಮರವನ್ನು ಸವರುತ್ತಾ ಸವರುತ್ತಾ ತುದಿಯಿಂದ ಬುಡದವರೆಗೆ ಅವಳನ್ನು ನಡೆಸಿದೆ. ಲಾರಿಯ ಮೈಯ ಮೇಲೆ ಇದಿನಬ್ಬ ಬ್ಯಾರಿ ಮತ್ತು ನಾನು ಅವಳನ್ನು ಎತ್ತಿ ನಿಲ್ಲಿಸಿದೆವು, ಕೈ ಮರದ ಮೇಲೆಯೇ. ಚಾಲಕನ ಬೆನ್ನಿನ ಹಲಗೆಯಲ್ಲಿ ಹಿಂದೆ ನೋಡಲು ಆಚಾರಿ ಇಟ್ಟ ಒಂದು ಕಿಟಕಿ ಇತ್ತು, ಮರದ ಬುಡ ಅದರ ಹತ್ತಿರಕ್ಕೇ ಬಂದಿತ್ತು. ನಾನು ಒಳಗೆ ಹೋಗಿ ಆ ಕಿಟಕಿಯಿಂದ ಕೈ ಚಾಚಿ ಮರ ಹಿಡಿದೆ. ನನ್ನ ಕೈಯ ಮೇಲೆ ಅವಳು ಕೈ ಇಟ್ಟಳು. ಬಾಗಿಲಿಂದ ಒಳಗೆ ಬಂದು ಕೂರುವವರೆಗೆ ಮಗಳ ಕೈ ಅವಳ ಲೆಕ್ಕಕ್ಕೆ ಸಂದಿತು. ಇದು ಸರಿಯೋ ಎಂದು ಮೊಕ್ತೇಸರರ ಮುಖ ನೋಡಿದಳು. "ನಿಮ್ಮ ರಕ್ತವೇ ಅಲ್ವಾ, ಸಲ್ತದೆ" ಎಂದು ಅವರು ಕೆಳಗಿನಿಂದ ಹೇಳಿ ಏರು ಹತ್ತಿದರು.

ಹೀಗೆ ನಾವು ಮೂವರು ಕೂತೆವು. ಅಮ್ಮ ನಡುವೆ, ಒಂದು ಕೈ ಹಿಂದಿನ ಕಿಟಕಿಯಿಂದ ಹೊರಗೆ, ಮರದ ಮೇಲೆ. ಅವಳ ಬರಿಗಾಲು ಮಣೆಯಿಲ್ಲದ ತಗಡಿನ ಮೇಲೆ. ಮಣೆ ನನ್ನ ಮಡಿಲಲ್ಲಿತ್ತು. ಮೇಲಿನಿಂದ ಚೆಂಡೆ ಕೇಳಿತು. ಇದಿನಬ್ಬ ಬ್ಯಾರಿ ಅಡ್ಡ ತೆಗೆಯಲು ಪಕ್ಕದಲ್ಲಿ ನಿಂತರು. ನಮ್ಮವರು ಯಂತ್ರದ ಸದ್ದು ಏರಿಸಿ, ಕ್ಲಚ್ಚನ್ನು ಮೊಟ್ಟೆಯ ಮೇಲಿನ ಕೋಳಿಯನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಬಿಟ್ಟರು. ಲಾರಿ ನಡುಗಿತು. ಹಿಂದೆ ಬರಲಿಲ್ಲ. ಮತ್ತೆ ನಡುಗಿ, ಮುಂದೆ ಹೋಯಿತು. ಅವರು ಎಡಗಾಲನ್ನು ಪೂರ್ತಿ ಎತ್ತಿ ನೆಲದ ಮೇಲಿಟ್ಟರು.

"ಹೇಗುಂಟು?" ಎಂದರು, ಅಭ್ಯಾಸದಂತೆ ರಸ್ತೆ ನೋಡುತ್ತಲೇ.

ಅತ್ತೆಯನ್ನು ಕೇಳುತ್ತಿದ್ದೇನೆ ಎಂಬುದು ಅವರಿಗೆ ಆಮೇಲೆ ಹೊಳೆದಿರಬೇಕು. ಅಮ್ಮನಿಗೆ ನಮ್ಮ ವಾಡಿಕೆ ಗೊತ್ತಿರಲಿಲ್ಲ. ಆದರೂ ಕಾಲು ತೆಗೆಯದೆ, ಭತ್ತದ ಹಂಡೆಯ ಮುಂದೆ ಕೂತವಳ ಹಾಗೆಯೇ ಉತ್ತರ ಕೊಟ್ಟಳು.

"ಬೆಚ್ಚ ಉಂಟು. ಸುಡುದಿಲ್ಲ."

ಏರು 'ಬೆಚ್ಚ'ದಿಂದ 'ಬಿಸಿ'ಗೆ ಬಂತು, ತಿರುವಿನಲ್ಲಿ "ಬಿಸಿ, ಬಿಸಿ, ಆದ್ರೆ ಇಡ್ಬಹುದು" ಆಯಿತು, ಆಮೇಲೆ ಅವಳು ತುಟಿ ಕಚ್ಚಿಕೊಂಡಳು, ಕಾಲು ಮಾತ್ರ ತೆಗೆಯಲಿಲ್ಲ. ನಾನು ಮಣೆ ಚಾಚಿದೆ. ಮೊಣಕೈಯಿಂದ ದೂಡಿದಳು. ಎದುರು ಚೆಂಡೆಯವರ ಬೆವರಿದ ಬೆನ್ನುಗಳು ಕಂಡವು, ಅವರು ಎರಡು ಬದಿಗೆ ಸರಿದರು, ರಸ್ತೆ ಸಮವಾಯಿತು. ನಮ್ಮವರು ನಿಲ್ಲಿಸಿದರು. ಹಿಂದಿನಿಂದ ಇದಿನಬ್ಬ ಬ್ಯಾರಿ, ಹೆಗಲ ಮೇಲೆ ತುಂಡು ಹೊತ್ತುಕೊಂಡೇ, ಏದುಸಿರು ಬಿಡುತ್ತಾ ಹತ್ತಿ ಬಂದರು.

ಅಮ್ಮನ ಪಾದದಡಿಯಲ್ಲಿ ಬೊಕ್ಕೆ ಎದ್ದಿತ್ತು, ಹಿಂದೆ ನನಗೆ ಎದ್ದಂಥದ್ದೇ. ನಮ್ಮವರು ಅದನ್ನು ನೋಡಿದ್ದನ್ನು ಅವಳು ನೋಡಿದಳು. "ಮಣೆ ಮನೆಗೆ ಕೊಂಡುಹೋಗಿ" ಎಂದಳು, ಅಷ್ಟೇ. ಉಳಿದ ದಾರಿ ಸಮತಟ್ಟು. ಚೆಂಡೆಯವರು ತಾವಾಗಿಯೇ ಬೇಗ ನಡೆದರು. ಆ ಕೊಡಿಮರ ಬಹಳ ವರ್ಷ ನಿಂತಿತ್ತು.

ಬಂಟ್ವಾಳಕ್ಕೆ ಬಂದ ದಿನವೇ ನಾನು ಗೋಣಿಯ ಬೂದಿ ಕೆರೆದು ಮಣೆಯನ್ನು ಅಡುಗೆಮನೆಯಲ್ಲಿಟ್ಟೆ. ಲಾರಿಯಲ್ಲಿ ಮತ್ತೆ ಬರಿಗಾಲು ಇಟ್ಟು ಕೂತೆ, ಲಾರಿ ಮಾರುವವರೆಗೂ. ಬೊಕ್ಕೆ ಆಮೇಲೂ ಒಂದೆರಡು ಸಲ ಎದ್ದಿತು. ಗೇರು ಪೆಟ್ಟಿಗೆ ಒಮ್ಮೆಯೂ ಕೆಡಲಿಲ್ಲ. ನಮ್ಮವರು ತಮ್ಮ ವಿಷಯದಲ್ಲಿ ಮಾತ್ರ ಇದನ್ನು ಕಲಿಯಲಿಲ್ಲ. ಎದೆಯಲ್ಲಿ ನೋವು ಬಂದಾಗಲೆಲ್ಲ ವಾಯು ಎಂದು ಹೇಳಿ ಓಮದ ನೀರು ಕುಡಿದರು. ನಾನು ಹೇಗುಂಟು ಎಂದರೆ "ಅಡ್ಡಿಯಿಲ್ಲ" ಎನ್ನುವುದು. ಮನುಷ್ಯನ ಮೇಲೆ ಕಾಲಿಟ್ಟು ನೋಡುವಂಥ ತಗಡು ಇರುವುದಿಲ್ಲ. ಇದ್ದಿದ್ದರೆ ನಾನು ಇಡುತ್ತಿದ್ದೆ.

ದಿನೇಶ ಎಲ್ಲ ಕೇಳಿ, ಗಂಜಿ ಮುಗಿಸಿ, ಮಣೆಯ ಕಪ್ಪನ್ನು ಉಗುರಿನಿಂದ ಕೆರೆದು ನೋಡಿದ. ರಜೆ ಮುಗಿಸಿ ಹೋದ ಮೇಲೆ ಒಂದು ದಿನ ಫೋನು ಮಾಡಿದ.

"ಅಜ್ಜಿ, ಗಣಪತಿಯನ್ನು ತೆಗೆದು ಮೇಲೆ ಕನ್ನಡಿಯ ಹತ್ರ ಅಂಟಿಸಿದೆ."

"ದೀಪ?"

"ನಿನ್ನೆ ಹೊತ್ತಿತು. ಬದಿಗೆ ನಿಲ್ಲಿಸಿ ಚಾ ಕುಡಿದೆ. ಇಲ್ಲಿಯವರು ಬೈದ್ರು, ತಡ ಆಯ್ತು ಅಂತ."

"ಬೈಲಿ. ಚಾ ಒಳ್ಳೆದಿತ್ತಾ?"

"ಇಲ್ಲ" ಎಂದ.

ಮೊನ್ನೆ ಆಚಾರಿ ಬಂದಿದ್ದಾಗ ಸೊಸೆ ಆ ಕಪ್ಪನ್ನು ಉಳಿಯಲ್ಲಿ ತೆಗೆಸಿ, ನನ್ನ ಮಂಡಿನೋವಿಗೆ ಒಳ್ಳೆಯದೆಂದು ಅದರ ಮೇಲೆ ಮೆತ್ತೆ ಹೊಡೆಸುತ್ತೇನೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೇಡ ಎಂದೆ. ಆ ಕಪ್ಪು ಅಡಿಯಲ್ಲಿ ಅಡಗದೆ ಎಲ್ಲರ ಕಣ್ಣಿಗೆ ಬೀಳುತ್ತಿರಲಿ ಎಂದು ಈಗ ನಾನು ಮಣೆಯನ್ನು ಮಗುಚಿ, ಸುಟ್ಟ ಮುಖ ಮೇಲೆ ಮಾಡಿ ಕೂರುತ್ತೇನೆ. ಸೀರೆಗೆ ಮಸಿ ಹತ್ತುತ್ತದೆ ಎಂದು ಅವಳು ಗೊಣಗುತ್ತಾಳೆ. ಹತ್ತಲಿ. ಸೀರೆ ಒಗೆಯುವವಳು ನಾನೇ.